ಕಾರಿನ ಆಯಿಲ್, ಕೂಲೆಂಟ್ ಇಳಿದಿದೆಯಾ? ಸುರಿಯುವ ಮೊದಲು ಎಲ್ಲಿಗೆ ಹೋಯಿತು ಅಂತ ನೋಡಿ

ಬಾನೆಟ್ ಎತ್ತಿದರೆ ಐದಾರು ಮುಚ್ಚಳಗಳು ಕಾಣುತ್ತವೆ. ಯಾವುದರಲ್ಲಾದರೂ ಮಟ್ಟ ಇಳಿದಿದ್ದರೆ ನಾವು ಮಾಡುವ ಮೊದಲ ಕೆಲಸ ಬಾಟಲಿ ತಂದು ಸುರಿಯುವುದು. ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಇದ್ದದ್ದು ಎಲ್ಲಿಗೆ ಹೋಯಿತು?

ಗಾಜು ತೊಳೆಯುವ ನೀರು ಇರುವುದೇ ಖರ್ಚಾಗುವುದಕ್ಕೆ. ಎಂಜಿನ್ ಆಯಿಲ್ ಓಡಿದಷ್ಟೂ ಸ್ವಲ್ಪ ಸ್ವಲ್ಪ ಸುಡುತ್ತದೆ, ಅದೂ ಸಹಜ. ಬ್ರೇಕ್ ಆಯಿಲ್, ಬ್ರೇಕಿನ ಪ್ಯಾಡ್ ಸವೆದ ಹಾಗೆ, ಬಹಳ ನಿಧಾನವಾಗಿ ಇಳಿಯುತ್ತದೆ. ಎಂಜಿನ್ ತಣ್ಣಗಿಡುವ ಕೂಲೆಂಟ್ ಹಾಗಲ್ಲ, ಮುಚ್ಚಿದ ಪೈಪುಗಳ ಒಳಗೇ ಸುತ್ತುತ್ತಿರುತ್ತದೆ. ಅದು ತಿಂಗಳು ತಿಂಗಳೂ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಅಂತಲೇ ತಿಳಿಯಬೇಕು. ಬಾಟಲಿ ಸುರಿದರೆ ಮಟ್ಟ ಮೇಲೆ ಬರುತ್ತದೆ, ಸೋರಿಕೆ ಹಾಗೇ ಉಳಿಯುತ್ತದೆ.

ಬಾನೆಟ್ ಎತ್ತುವ ಮೊದಲು

ಕಾರು ಸಮತಟ್ಟಾದ ಜಾಗದಲ್ಲಿರಲಿ. ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಆಫ್ ಮಾಡಿ, ಕೀ ತೆಗೆದುಬಿಡಿ. ರೇಡಿಯೇಟರ್ ಫ್ಯಾನ್ ಕರೆಂಟಿನಲ್ಲಿ ಓಡುವಂಥದ್ದು. ಬಿಸಿ ಇದ್ದರೆ ಎಂಜಿನ್ ನಿಂತ ಮೇಲೂ ತಾನಾಗಿಯೇ ತಿರುಗಬಹುದು. ಹಾಗಾಗಿ ಅದರ ಹತ್ತಿರ ಕೈ, ಸೆರಗು, ದುಪಟ್ಟಾ, ಜಡೆ ಹೋಗದಂತೆ ನೋಡಿಕೊಳ್ಳಿ. ವಾಚು, ಬಳೆ ತೆಗೆದಿಡಿ. ಬೀಡಿ, ಸಿಗರೇಟು ದೂರವಿರಲಿ.

ಈ ಕೆಲಸಕ್ಕೆ ಒಳ್ಳೆಯ ಹೊತ್ತು ಬೆಳಗಿನ ಜಾವ, ಕಾರು ರಾತ್ರಿಯಿಡೀ ತಣ್ಣಗೆ ನಿಂತಿರುವಾಗ. ಒಂದು ಹಳೆಯ ಬನಿಯನ್ ಬಟ್ಟೆ, ಮೊಬೈಲ್ ಟಾರ್ಚ್, ಒಂದು ಸ್ವಚ್ಛವಾದ ಫನಲ್, ಕಾರಿನ ಜೊತೆ ಬಂದ ಪುಸ್ತಕ. ಇಷ್ಟು ಸಾಕು. ಯಾವ ಆಯಿಲ್, ಯಾವ ಕೂಲೆಂಟ್ ಅಂತ ಆ ಪುಸ್ತಕದಲ್ಲೇ ಇರುತ್ತದೆ. ಅಂಗಡಿಯವರ ಮಾತಿಗಿಂತ ಅದನ್ನೇ ನಂಬಿ.

ಇನ್ನೊಂದು ಮಾತು, ಮನೆಯಲ್ಲಿ ಮಕ್ಕಳು, ನಾಯಿ, ಬೆಕ್ಕು ಇರುವವರಿಗೆ. ಬಹಳಷ್ಟು ಕೂಲೆಂಟ್‌ಗಳಲ್ಲಿ ಎಥಿಲೀನ್ ಗ್ಲೈಕಾಲ್ ಇರುತ್ತದೆ. ರುಚಿ ಸಿಹಿ, ಆದರೆ ವಿಷ. ನೆಲಕ್ಕೆ ಚೆಲ್ಲಿದ್ದನ್ನು ನಾಯಿ ನೆಕ್ಕಿದರೂ ಪ್ರಾಣಕ್ಕೆ ಅಪಾಯ. ಚೆಲ್ಲಿದರೆ ಕೂಡಲೇ ಒರೆಸಿ, ಜಾಸ್ತಿ ನೀರು ಹಾಕಿ ತೊಳೆಯಿರಿ. ಕುಡಿಯುವ ನೀರಿನ ಬಾಟಲಿಯಲ್ಲಿ ಅದನ್ನು ಯಾವತ್ತೂ ತುಂಬಿಡಬೇಡಿ.

ಕಾರು ನಿಂತ ಜಾಗದಲ್ಲಿ ಹನಿ ಬಿದ್ದಿದೆ

ರಾತ್ರಿ ಕಾರಿನ ಕೆಳಗೆ ಹಳೆಯ ಪೇಪರ್ ಅಥವಾ ರಟ್ಟು ಹಾಸಿ, ಗಾಳಿಗೆ ಹಾರದಂತೆ ಕಲ್ಲಿಡಿ. ಬೆಳಿಗ್ಗೆ ಎಲ್ಲಿ, ಯಾವ ಬಣ್ಣದ ಕಲೆ ಬಿದ್ದಿದೆ ಅಂತ ನೋಡಿ. ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ.

ಬಣ್ಣವಿಲ್ಲ, ವಾಸನೆಯಿಲ್ಲ, ಬರೀ ನೀರು ಅಂತಾದರೆ ಅದು ಎಸಿಯಿಂದ ಇಳಿದ ನೀರು. ಬೇಸಿಗೆಯಲ್ಲಿ, ಅದರಲ್ಲೂ ಕರಾವಳಿ ಸೆಕೆಯಲ್ಲಿ, ಇದು ಧಾರಾಳವಾಗಿ ಬೀಳುತ್ತದೆ. ಹೆದರಬೇಕಾಗಿಲ್ಲ. ಕಂದು ಅಥವಾ ಕಪ್ಪು ಜಿಡ್ಡು ಎಂಜಿನ್ ಆಯಿಲ್. ಹಸಿರು, ಗುಲಾಬಿ, ನೀಲಿ ಬಣ್ಣದ ನೀರು ಕೂಲೆಂಟ್. ಕೆಂಪು ಜಿಡ್ಡು ಸಾಮಾನ್ಯವಾಗಿ ಪವರ್ ಸ್ಟೀರಿಂಗ್ ಅಥವಾ ಆಟೋಮ್ಯಾಟಿಕ್ ಗೇರ್‌ಬಾಕ್ಸಿನದು.

ಎರಡು ಸಂದರ್ಭಗಳಲ್ಲಿ ಕಾರನ್ನು ಅಲುಗಿಸಲೇಬಾರದು. ಒಂದು, ಚಕ್ರದ ಒಳಬದಿಯಲ್ಲಿ ತಿಳಿ ಹಳದಿಯ ಜಾರುವ ದ್ರವ ಕಂಡರೆ. ಅದು ಬ್ರೇಕ್ ಆಯಿಲ್ ಇರಬಹುದು. ಎರಡು, ಪೆಟ್ರೋಲ್ ವಾಸನೆ ಬಂದರೆ. ಸ್ಟಾರ್ಟ್ ಮಾಡಬೇಡಿ, ಲೈಟು ಹಾಕಬೇಡಿ, ಮೆಕ್ಯಾನಿಕ್‌ನನ್ನು ಕಾರಿರುವಲ್ಲಿಗೇ ಕರೆಸಿ.

ಆಯಿಲ್ ಕ್ಯಾನ್ ಆಕಾರದ ಕೆಂಪು ದೀಪ ಉರಿಯುತ್ತಿದೆ, ಅಥವಾ ಎಂಜಿನ್ ಟಕಟಕ ಅನ್ನುತ್ತಿದೆ

ಈ ದೀಪ ಹೇಳುವುದು ಆಯಿಲ್ ಪ್ರೆಷರ್ ಇಲ್ಲ ಅಂತ. ಅಂದರೆ ಒಳಗೆ ಲೋಹಕ್ಕೆ ಲೋಹ ಉಜ್ಜುತ್ತಿರಬಹುದು. ಮುಂದಿನ ಊರಿನವರೆಗೆ ಹೋಗೋಣ ಅನ್ನಬೇಡಿ. ಸುರಕ್ಷಿತವಾಗಿ ಪಕ್ಕಕ್ಕೆ ತೆಗೆದು ಕೂಡಲೇ ಆಫ್ ಮಾಡಿ.

ಐದು ಹತ್ತು ನಿಮಿಷ ಬಿಡಿ. ಮೇಲೆ ಹೋದ ಆಯಿಲ್ ಕೆಳಗಿಳಿಯಬೇಕು. ಆಮೇಲೆ ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಎಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ ಮತ್ತೆ ತೆಗೆಯಿರಿ. ನಂಬಬೇಕಾದದ್ದು ಎರಡನೇ ಸಲದ ಗುರುತನ್ನು. ಮಿನ್ ಮತ್ತು ಮ್ಯಾಕ್ಸ್ ಗೆರೆಗಳ ನಡುವೆ ಇದ್ದರೆ ಸರಿ. ಬಹಳಷ್ಟು ಕಾರುಗಳಲ್ಲಿ ಆ ಎರಡು ಗೆರೆಗಳ ನಡುವಿನ ಅಂತರ ಹೆಚ್ಚು ಕಡಿಮೆ ಒಂದು ಲೀಟರ್.

ಮಿನ್‌ಗಿಂತ ಕೆಳಗಿದ್ದರೆ ಪುಸ್ತಕ ಹೇಳಿದ ಗ್ರೇಡ್‌ನ ಆಯಿಲ್ ಹಾಕಿ. 5ಡಬ್ಲ್ಯೂ-30 ಅಂತ ಇದ್ದರೆ ಅದೇ. ಒಂದೇ ಸಲ ಸುರಿಯಬೇಡಿ. 200 ಮಿಲಿಲೀಟರ್‌ನಷ್ಟು ಹಾಕಿ, ಎರಡು ಮೂರು ನಿಮಿಷ ಕಾದು, ಮತ್ತೆ ಅಳೆಯಿರಿ. ಮ್ಯಾಕ್ಸ್ ದಾಟಿಸಿದರೆ ಎಂಜಿನ್ ಚೆನ್ನಾಗಿರುತ್ತದೆ ಅನ್ನುವುದು ತಪ್ಪು. ಜಾಸ್ತಿಯಾದ ಆಯಿಲ್ ಒಳಗೆ ನೊರೆಯಾಗುತ್ತದೆ, ಸೀಲ್‌ಗಳಿಂದ ಹೊರಬರುತ್ತದೆ. ತಪ್ಪಿ ಜಾಸ್ತಿ ಹಾಕಿದ್ದರೆ ಗ್ಯಾರೇಜ್‌ನಲ್ಲಿ ಅಷ್ಟನ್ನು ತೆಗೆಸಿಯೇ ಓಡಿಸಿ.

ಹಾಕಿದ ಮೇಲೂ ದೀಪ ಆರದಿದ್ದರೆ, ಅಥವಾ ಮಟ್ಟ ಸರಿಯಿದ್ದೂ ದೀಪ ಉರಿದರೆ, ತೊಂದರೆ ಪಂಪ್‌ನದ್ದೋ ಸೆನ್ಸರ್‌ನದ್ದೋ ಇರಬಹುದು. ಯಾವುದು ಅಂತ ರಸ್ತೆಯಲ್ಲಿ ನಿಂತು ಹೇಳಲು ಆಗುವುದಿಲ್ಲ. ಟೋಯಿಂಗ್ ಕರೆಸಿ.

ತಿರುವಿನಲ್ಲಿ, ಜೋರಾಗಿ ಬ್ರೇಕ್ ಹಾಕಿದಾಗ ಮಾತ್ರ ಈ ದೀಪ ಮಿನುಗಿ ಆರುವುದೂ ಉಂಟು. ಆಯಿಲ್ ತೀರಾ ಕಡಿಮೆ ಇದ್ದು, ಪಕ್ಕಕ್ಕೆ ಸರಿದಾಗ ಪಂಪ್‌ಗೆ ಸಿಗುತ್ತಿಲ್ಲ ಅಂತ ಅದರ ಅರ್ಥ. ಸುಮ್ನೆ ಆರಿತಲ್ಲ ಅಂತ ಬಿಡಬೇಡಿ.

ಇನ್ನು ಆಯಿಲ್‌ನ ಬಣ್ಣ. ಡೀಸೆಲ್ ಕಾರಿನಲ್ಲಿ ಹೊಸ ಆಯಿಲ್ ಕೂಡ ಬೇಗ ಕಪ್ಪಾಗುತ್ತದೆ, ಅದು ದೋಷವಲ್ಲ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ಮಾತ್ರ ಆಯಿಲ್‌ಗೆ ಕೂಲೆಂಟ್ ಸೇರುತ್ತಿದೆ ಅನ್ನುವ ಅನುಮಾನ ಬರಬೇಕು. ಒಂದು ವಿನಾಯಿತಿ ಇದೆ. ಮಲೆನಾಡು, ಕೊಡಗಿನ ಮಳೆಗಾಲದಲ್ಲಿ ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನ ಆಯಿಲ್ ಮುಚ್ಚಳದ ಒಳಬದಿ ತೇವಕ್ಕೆ ಸ್ವಲ್ಪ ಬಿಳಿ ಕೆನೆ ಕಟ್ಟುತ್ತದೆ. ಆಗ ಡಿಪ್‌ಸ್ಟಿಕ್ ನೋಡಿ. ಅದರಲ್ಲಿ ಆಯಿಲ್ ಕಾಫಿ ಬಣ್ಣಕ್ಕೆ ತಿರುಗದೆ, ಕೂಲೆಂಟ್ ಮಟ್ಟವೂ ಇಳಿಯದಿದ್ದರೆ ಹೆದರಬೇಡಿ. ಒಂದು ಉದ್ದ ಓಟ ಓಡಿಸಿ. ಡಿಪ್‌ಸ್ಟಿಕ್ಕೂ ಕಾಫಿ ಬಣ್ಣವಿದ್ದರೆ ಸ್ಟಾರ್ಟ್ ಮಾಡಬೇಡಿ.

ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬರುತ್ತಿದ್ದು, ಕೆಳಗೆ ಎಲ್ಲೂ ಹನಿ ಇಲ್ಲದಿದ್ದರೆ, ಆಯಿಲ್ ಎಂಜಿನ್ ಒಳಗೇ ಸುಡುತ್ತಿದೆ. ಎಷ್ಟು ಹಾಕಿದಿರಿ, ಆಗ ಮೀಟರ್ ಎಷ್ಟು ಕಿಲೋಮೀಟರ್ ತೋರಿಸುತ್ತಿತ್ತು ಅಂತ ಬರೆದಿಡಿ. ಮ್ಯಾಕ್ಸ್‌ನಿಂದ ಮಿನ್‌ಗೆ ಒಂದೆರಡು ಸಾವಿರ ಕಿಲೋಮೀಟರ್‌ನಲ್ಲೇ ಬರುತ್ತಿದ್ದರೆ ಆ ಲೆಕ್ಕ ಹಿಡಿದುಕೊಂಡು ಮೆಕ್ಯಾನಿಕ್ ಹತ್ತಿರ ಹೋಗಿ. 'ಆಯಿಲ್ ಜಾಸ್ತಿ ಕುಡೀತಿದೆ' ಅನ್ನುವುದಕ್ಕಿಂತ ಆ ಲೆಕ್ಕ ಅವರಿಗೆ ಹೆಚ್ಚು ಉಪಯೋಗ.

ಟೆಂಪರೇಚರ್ ಮುಳ್ಳು ಮೇಲೇರುತ್ತಿದೆ

ಕೆಲವು ವರ್ಷಗಳ ಹಿಂದೆ, ಬೇಸಿಗೆಯಲ್ಲಿ, ನಾವು ಗುಂಡ್ಯದಿಂದ ಸಕಲೇಶಪುರದ ಕಡೆಗೆ ಶಿರಾಡಿ ಘಾಟಿ ಹತ್ತುತ್ತಿದ್ದೆವು. ಮುಂದೆ ಲಾರಿಗಳ ಸಾಲು. ಎಸಿ ಹಾಕಿಕೊಂಡು ಒಂದನೇ ಗೇರಿನಲ್ಲಿ ತೆವಳುತ್ತಿದ್ದೆವು. ಮುಳ್ಳು ಕೆಂಪಿಗೆ ಹೋಯಿತು, ಬಾನೆಟ್ ಸಂದಿಯಿಂದ ಹಬೆ ಬಂತು. ನಾನು ಬಟ್ಟೆ ಸುತ್ತಿಕೊಂಡು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲು ಹೋದಾಗ ಹಿಂದಿನ ಲಾರಿಯ ಡ್ರೈವರ್ ಓಡಿ ಬಂದರು. "ಮುಟ್ಬೇಡಿ ಸಾರ್, ಮುಖ ಸುಟ್ಟೋಗುತ್ತೆ. ಒಂದು ಗಂಟೆ ನೆರಳಲ್ಲಿ ಕೂತ್ಕೊಳ್ಳಿ" ಅಂದರು. ಅವರ ಋಣ ನನ್ನ ಮೇಲೆ ಇನ್ನೂ ಇದೆ.

ಆ ಮಾತಿನ ಹಿಂದಿನ ಕಾರಣ ಕುಕ್ಕರ್ ಬಳಸುವ ಎಲ್ಲರಿಗೂ ಗೊತ್ತು. ಒತ್ತಡದಲ್ಲಿರುವ ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣ ಒತ್ತಡ ಇಳಿದು, ಎಲ್ಲವೂ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಬಟ್ಟೆ ಸುತ್ತಿಕೊಂಡರೂ ಅದು ತಪ್ಪುವುದಿಲ್ಲ.

ಹಾಗಾಗಿ ಮುಳ್ಳು ಏರತೊಡಗಿದಾಗಲೇ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಕಿಟಕಿ ಇಳಿಸಿ. ಎಂಜಿನ್‌ನ ಬಿಸಿಯಲ್ಲಿ ಒಂದಷ್ಟು ಕಾರಿನೊಳಗೆ ಬಂದುಬಿಡುತ್ತದೆ. ಸೆಕೆಯಾಗುತ್ತದೆ, ಆದರೆ ನಿಲ್ಲಿಸಲು ಒಳ್ಳೆಯ ಜಾಗ ಹುಡುಕುವಷ್ಟು ಸಮಯ ಸಿಗುತ್ತದೆ. ಹೀಟರ್ ಹಾಕಿದರೂ ತಣ್ಣನೆಯ ಗಾಳಿ ಬರುತ್ತಿದ್ದರೆ ಕೂಲೆಂಟ್ ತೀರಾ ಕಡಿಮೆಯಾಗಿದೆ ಅಂತ ಲೆಕ್ಕ. ಆಗ, ಅಥವಾ ಮುಳ್ಳು ಕೆಂಪು ಮುಟ್ಟಿದಾಗ, ಒಂದು ಮೀಟರ್ ಕೂಡ ಮುಂದೆ ಹೋಗದೆ ಪಕ್ಕಕ್ಕೆ ತೆಗೆದು ಆಫ್ ಮಾಡಿ. ಘಾಟಿಯಲ್ಲಾದರೆ ಹಜಾರ್ಡ್ ಲೈಟ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ, ಎಲ್ಲರೂ ರಸ್ತೆಯಿಂದ ದೂರ ನಿಲ್ಲಿ. ಹೊರಡುವಾಗ ಆ ಕಲ್ಲನ್ನು ಪಕ್ಕಕ್ಕೆ ಎಸೆಯುವುದನ್ನು ದಯವಿಟ್ಟು ಮರೆಯಬೇಡಿ. ರಾತ್ರಿ ಬೈಕಿನಲ್ಲಿ ಬರುವವರ ಜೀವ ಹೋಗುತ್ತದೆ.

ಹಬೆ ನಿಲ್ಲುವವರೆಗೆ ಬಾನೆಟ್ ಎತ್ತಬೇಡಿ. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಲೋಹ ಬಿರುಕು ಬಿಡಬಹುದು. ಮೇಲಿನ ರಬ್ಬರ್ ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾದ ಮೇಲೆ, ದಪ್ಪ ಬಟ್ಟೆ ಹಿಡಿದು, ಮುಖ ಹಿಂದಕ್ಕೆ ಇಟ್ಟು, ಮುಚ್ಚಳವನ್ನು ಸ್ವಲ್ಪವೇ ತಿರುಗಿಸಿ. ಬುಸ್ ಅಂದರೆ ಅಲ್ಲೇ ಬಿಟ್ಟು ಇನ್ನಷ್ಟು ಕಾಯಿರಿ.

ಆಗ ಕೈಯಲ್ಲಿ ಕೂಲೆಂಟ್ ಇಲ್ಲದಿದ್ದರೆ ಕುಡಿಯುವ ನೀರಾದರೂ ಸರಿ, ಹತ್ತಿರದ ಗ್ಯಾರೇಜ್ ತನಕ ಮಾತ್ರ. ನಾವೂ ಹಾಗೇ ಸಕಲೇಶಪುರ ಸೇರಿದೆವು. ಅಲ್ಲಿ ರೇಡಿಯೇಟರ್ ಬಿಚ್ಚಿದಾಗ ಬಂದದ್ದು ತುಕ್ಕು ಬಣ್ಣದ ನೀರು, ಒಳಗೆಲ್ಲಾ ಸುಣ್ಣದ ಹಾಗೆ ಕಟ್ಟಿದ ಬಿಳಿ ಪದರ. ನಮ್ಮೂರಿನ ಒಂದು ಗ್ಯಾರೇಜ್‌ನಲ್ಲಿ ಪ್ರತಿ ಸಲವೂ ಬೋರ್‌ವೆಲ್ ನೀರನ್ನೇ ತುಂಬಿಸಿ ಕೊಡುತ್ತಿದ್ದರು. ವಾಟರ್ ಪಂಪ್ ಸೀಲ್ ಸೋರುತ್ತಿತ್ತು. ಪ್ರತಿ ಸಲ ಯಾಕೆ ಇಳಿಯುತ್ತಿದೆ ಅಂತ ಅವರೂ ನೋಡಲಿಲ್ಲ, ನಾನೂ ಕೇಳಲಿಲ್ಲ.

ಮನೆಯಲ್ಲಿ ನೋಡುವುದು ಸುಲಭ. ಕಾರು ತಣ್ಣಗಿರುವಾಗ ಕೂಲೆಂಟ್ ಡಬ್ಬಿಯ ಹೊರಗಿನಿಂದಲೇ ಮಟ್ಟ ಕಾಣುತ್ತದೆ. ಕಾಣದಷ್ಟು ಮಾಸಿದ್ದರೆ ಹಿಂದಿನಿಂದ ಟಾರ್ಚ್ ಹಿಡಿಯಿರಿ. ಡಬ್ಬಿಗೆ ಟೇಪ್ ಅಂಟಿಸಿ, ಪೆನ್ನಿನಲ್ಲಿ ಗೆರೆ ಎಳೆದು ತಾರೀಕು ಹಾಕಿಡಿ. ಹದಿನೈದು ದಿನದಲ್ಲಿ ಗೆರೆಗಿಂತ ಇಳಿದಿದ್ದರೆ ಸೋರಿಕೆ ಹುಡುಕಿ. ಹೋಸ್‌ಗಳ ಕೂಡುವ ಜಾಗದಲ್ಲಿ ಬಿಳಿ ಅಥವಾ ಹಸಿರು ಪುಡಿ ಒಣಗಿದೆಯೇ? ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಒದ್ದೆಯಾಗಿ ಸಿಹಿ ವಾಸನೆ ಬರುತ್ತಿದೆಯೇ? ಹಾಗಾದರೆ ಒಳಗಿನ ಹೀಟರ್ ಸೋರುತ್ತಿದೆ. ಎಲ್ಲೂ ಹನಿಯಿಲ್ಲ, ಆದರೆ ಬಿಸಿಯಾದ ಮೇಲೂ ಸೈಲೆನ್ಸರ್‌ನಲ್ಲಿ ದಟ್ಟ ಬಿಳಿ ಹೊಗೆ ನಿಲ್ಲುತ್ತಿಲ್ಲ ಅಂದರೆ ಎಂಜಿನ್‌ನ ಎರಡು ಭಾಗಗಳ ನಡುವೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಗ ಓಡಿಸಿದಷ್ಟೂ ಖರ್ಚು ಬೆಳೆಯುತ್ತದೆ.

ಮಟ್ಟ ಸರಿಯಿದ್ದೂ ಬಿಸಿಯಾದರೆ ರೇಡಿಯೇಟರ್ ಮುಂದೆ ಎಲೆ, ಕೆಸರು, ಪ್ಲಾಸ್ಟಿಕ್ ಕವರ್ ಸಿಕ್ಕಿದೆಯಾ ನೋಡಿ. ಎಸಿ ಹಾಕಿ ಫ್ಯಾನ್ ತಿರುಗುತ್ತದೆಯಾ ನೋಡಿ. ಹೈವೇಯಲ್ಲಿ ಸರಿಯಿದ್ದು ಟ್ರಾಫಿಕ್‌ನಲ್ಲಿ ಮಾತ್ರ ಬಿಸಿಯಾಗುವ ಕಾರಿನಲ್ಲಿ ಮೊದಲ ಅನುಮಾನ ಫ್ಯಾನ್ ಮೇಲೆ. ಥರ್ಮೋಸ್ಟಾಟ್, ಪಂಪ್ ನೋಡುವುದು ಮೆಕ್ಯಾನಿಕ್ ಕೆಲಸ.

ಕೂಲೆಂಟ್ ಕೊಳ್ಳುವಾಗ ಬಣ್ಣ ನೋಡಿ ಕೊಳ್ಳಬೇಡಿ. ಬಣ್ಣಕ್ಕೆ ಎಲ್ಲಾ ಕಂಪನಿಗಳೂ ಒಪ್ಪಿದ ನಿಯಮ ಅಂತ ಇಲ್ಲ. ಎರಡು ಹಸಿರುಗಳೂ ಬೇರೆ ಬೇರೆ ಜಾತಿಯವಾಗಿರಬಹುದು. ನೀರು ಬೆರೆಸಿಯೇ ಬರುವ ಬಾಟಲಿ ಮನೆಯವರಿಗೆ ಸುಲಭ. ಗಟ್ಟಿ ಕೂಲೆಂಟ್ ತಂದರೆ ಡಬ್ಬಿಯ ಮೇಲೆ ಹೇಳಿದ ಅಳತೆಯಲ್ಲಿ, ಸಾಮಾನ್ಯವಾಗಿ ಅರ್ಧಕ್ಕರ್ಧ, ಡಿಸ್ಟಿಲ್ಡ್ ವಾಟರ್ ಬೆರೆಸಿ.

ಬ್ರೇಕ್ ಪೆಡಲ್ ಮೆತ್ತಗಾಗಿದೆ, ಅಥವಾ ಬ್ರೇಕ್ ದೀಪ ಉರಿಯುತ್ತಿದೆ

ದೀಪ ಮಾತ್ರ ಉರಿಯುತ್ತಿದ್ದರೆ ಮೊದಲು ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯಾ ನೋಡಿ. ಇಳಿದೂ ಉರಿಯುತ್ತಿದ್ದರೆ ಡಬ್ಬಿಯಲ್ಲಿ ಮಟ್ಟ ಕಡಿಮೆಯಾಗಿರಬಹುದು.

ನಾವು ಬ್ರೇಕ್ ಆಯಿಲ್ ಅನ್ನುತ್ತೇವೆ, ಆದರೆ ಅದು ಎಣ್ಣೆಯಲ್ಲ. ಆ ಹೆಸರೇ ಅಪಾಯ ತರುತ್ತದೆ. ಅಲ್ಲಿಗೆ ಎಂಜಿನ್ ಆಯಿಲ್ ಅಥವಾ ಸ್ಟೀರಿಂಗ್ ಆಯಿಲ್ ಹೋದರೆ ಒಳಗಿನ ರಬ್ಬರ್ ಸೀಲ್‌ಗಳು ಊದಿಕೊಂಡು ಬ್ರೇಕೇ ಹಿಡಿಯದಂತಾಗಬಹುದು. ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಅಚ್ಚಾಗಿರುತ್ತದೆ. ಅದನ್ನೇ ಹಾಕಬೇಕು. ಡಾಟ್ 5 ಸಿಲಿಕೋನ್‌ನದು, ಇವುಗಳ ಜೊತೆ ಬೆರೆಸುವಂಥದ್ದಲ್ಲ.

ಮಟ್ಟ ಹತ್ತಾರು ಸಾವಿರ ಕಿಲೋಮೀಟರ್‌ನಲ್ಲಿ ನಿಧಾನವಾಗಿ ಇಳಿದಿದ್ದರೆ ಪ್ಯಾಡ್ ಸವೆದಿದೆ. ಮೊದಲು ಪ್ಯಾಡ್ ತೋರಿಸಿ. ಈಗಲೇ ತುಂಬಿಸಿದರೆ ಹೊಸ ಪ್ಯಾಡ್ ಹಾಕುವಾಗ ಅದು ಮೇಲಕ್ಕೆ ಬಂದು ಚೆಲ್ಲುತ್ತದೆ. ವಾರದಲ್ಲೇ ಇಳಿದಿದ್ದರೆ ಸೋರಿಕೆ. ನಾಲ್ಕೂ ಚಕ್ರಗಳ ಒಳಬದಿ ನೋಡಿ. ಒದ್ದೆ ಕಾಣಲಿ ಕಾಣದಿರಲಿ, ಆ ಕಾರನ್ನು ಓಡಿಸಬೇಡಿ. ಸುರಿದುಕೊಂಡು ಗ್ಯಾರೇಜ್ ತನಕ ಹೋಗುವುದೂ ಬೇಡ.

ಪೆಡಲ್ ಮೆತ್ತಗಿದ್ದು, ಎರಡು ಮೂರು ಸಲ ತುಳಿದ ಮೇಲೆ ಗಟ್ಟಿಯಾದರೆ ಪೈಪಿನಲ್ಲಿ ಗಾಳಿ ಸೇರಿರಬಹುದು. ಎಂಜಿನ್ ಆನ್ ಇಟ್ಟು, ಕಾರು ನಿಂತಿರುವಾಗ, ಪೆಡಲನ್ನು ಒಂದೇ ಸಮ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ನಿಧಾನವಾಗಿ ಕೆಳಗಿಳಿಯುತ್ತಾ ಹೋದರೆ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಮೇಲೆ ಅನುಮಾನ. ಎರಡಕ್ಕೂ ಟೋಯಿಂಗ್ ಒಂದೇ ದಾರಿ.

ಘಾಟಿ ಇಳಿಯುವಾಗ ಮಾತ್ರ ಮೆತ್ತಗಾಗುವುದು ಬೇರೆ ವಿಷಯ. ಈ ದ್ರವ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಅಂತ ನಿಯಮ. ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಬ್ರೇಕ್ ತುಳಿದುಕೊಂಡೇ ಇಳಿದರೆ ಅದು ಕುದ್ದು ಗುಳ್ಳೆಯೇಳುತ್ತದೆ. ಪೆಡಲ್ ಆ ಗುಳ್ಳೆಗಳನ್ನು ಒತ್ತುತ್ತದೆಯೇ ಹೊರತು ಬ್ರೇಕನ್ನಲ್ಲ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರ್ ಅನ್ನುವುದು ಹಳೆಯ ಡ್ರೈವರ್‌ಗಳ ಮಾತು. ಅದನ್ನು ಪಾಲಿಸಿ. ಮೆತ್ತಗಾಯಿತು ಅನ್ನಿಸಿದರೆ ಗೇರ್ ಇಳಿಸಿ, ಹ್ಯಾಂಡ್ ಬ್ರೇಕನ್ನು ಮೆಲ್ಲಗೆ ಬಳಸಿ, ಮೊದಲು ಸಿಕ್ಕ ಜಾಗದಲ್ಲಿ ನಿಲ್ಲಿಸಿ ಆರಲು ಬಿಡಿ. ಬಿಸಿ ಡಿಸ್ಕ್ ಮೇಲೆ ನೀರು ಹೊಯ್ಯಬೇಡಿ. ಊರು ಸೇರಿದ ಮೇಲೆ ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಿ. ಹೇಗೂ ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಒಳ್ಳೆಯದು, ಕರಾವಳಿಯವರಂತೂ ತಪ್ಪಿಸಲೇಬಾರದು.

ಹಾಕಲೇಬೇಕಾದಾಗ ಮುಚ್ಚಳದ ಸುತ್ತ ಧೂಳು ಒರೆಸಿ, ಸೀಲ್ ಒಡೆಯದ ಹೊಸ ಬಾಟಲಿಯಿಂದಲೇ ಹಾಕಿ, ಕೂಡಲೇ ಮುಚ್ಚಿ. ಕಳೆದ ವರ್ಷ ತೆರೆದಿಟ್ಟ ಅರ್ಧ ಬಾಟಲಿ ಆಗಲೇ ನೀರು ಕುಡಿದಿರುತ್ತದೆ. ಪೇಂಟ್ ಮೇಲೆ ಬಿದ್ದರೆ ಬಣ್ಣ ಎದ್ದು ಬರುತ್ತದೆ, ತಕ್ಷಣ ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ನೀರು ಬಿಟ್ಟುಕೊಂಡು ತೊಳೆದು ಡಾಕ್ಟರ್ ಹತ್ತಿರ ಹೋಗಿ.

ಸ್ಟೀರಿಂಗ್ ಭಾರ, ತಿರುಗಿಸಿದಾಗ ಗೊಂಯ್ ಸದ್ದು

ಈಗಿನ ಸಣ್ಣ ಕಾರುಗಳಲ್ಲಿ ಬಹುತೇಕ ಕರೆಂಟ್ ಸ್ಟೀರಿಂಗ್. ಅದಕ್ಕೆ ಆಯಿಲ್ ಇಲ್ಲ. ಭಾರವಾಗಿ ದೀಪವೂ ಉರಿದರೆ ಸರ್ವಿಸ್ ಸೆಂಟರ್‌ಗೇ ಹೋಗಬೇಕು. ಹಳೆಯ ಅಥವಾ ದೊಡ್ಡ ಗಾಡಿಗಳಲ್ಲಿ ಆಯಿಲ್ ಡಬ್ಬಿ ಇದ್ದರೆ ಮಟ್ಟ ನೋಡಿ, ಮುಚ್ಚಳದ ಮೇಲೆ ಹೇಳಿದ್ದನ್ನೇ ಹಾಕಿ. ಮತ್ತೆ ಇಳಿದರೆ ಹೋಸ್ ನೋಡಿಸಿ.

ಗಾಜಿಗೆ ನೀರು ಚಿಮ್ಮುತ್ತಿಲ್ಲ

ಮೋಟಾರ್ ಸದ್ದು ಕೇಳುತ್ತಿದ್ದರೆ ಡಬ್ಬಿ ಖಾಲಿ, ಇಲ್ಲವೇ ತೂತು ಕಟ್ಟಿದೆ. ಗುಂಡುಸೂಜಿಯಲ್ಲಿ ಮೆಲ್ಲಗೆ ಬಿಡಿಸಿ. ನಮ್ಮ ಹವೆಗೆ ಶುದ್ಧ ನೀರಿಗೆ ಸ್ವಲ್ಪ ವಾಷರ್ ಲಿಕ್ವಿಡ್ ಸೇರಿಸಿದರೆ ಸಾಕು. ಪಾತ್ರೆ ತೊಳೆಯುವ ಸೋಪು ಬೇಡ, ಗಾಜಿನ ಮೇಲೆ ನೊರೆ ನಿಂತು ದಾರಿ ಕಾಣುವುದಿಲ್ಲ. ಸದ್ದೇ ಇಲ್ಲದಿದ್ದರೆ ಫ್ಯೂಸ್ ನೋಡಿ.

ಸ್ಟಾರ್ಟ್ ಆಗಲು ಎಳೆಯುತ್ತಿದೆ

ಬ್ಯಾಟರಿಗೆ ಆರು ಮುಚ್ಚಳಗಳಿದ್ದರೆ ನೀರು ನೋಡಬೇಕಾದ ಜಾತಿಯದು. ಒಳಗಿರುವುದು ಆ್ಯಸಿಡ್, ಮೇಲಿರುವುದು ಹೊತ್ತಿಕೊಳ್ಳುವ ಹೈಡ್ರೋಜನ್. ಕನ್ನಡಕ, ಕೈಗವಸು ಹಾಕಿಕೊಳ್ಳಿ. ಟಾರ್ಚ್ ಇಲ್ಲ ಅಂತ ಬೆಂಕಿಕಡ್ಡಿ ಗೀರಬೇಡಿ. ಪ್ಲೇಟುಗಳು ಮುಳುಗಿ ಗುರುತಿನವರೆಗೆ ಬರುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ. ಆ್ಯಸಿಡ್ ಅಲ್ಲ, ನಲ್ಲಿ ನೀರೂ ಅಲ್ಲ. ಬ್ಯಾಟರಿಯ ಆರೂ ಮನೆಗಳಲ್ಲಿ (ಸೆಲ್‌ಗಳಲ್ಲಿ) ಪದೇ ಪದೇ ನೀರು ಇಳಿಯುತ್ತಿದ್ದರೆ ಚಾರ್ಜಿಂಗ್ ಜಾಸ್ತಿಯಾಗುತ್ತಿದೆ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ತೋರಿಸಿ. ಒಂದರಲ್ಲಿ ಮಾತ್ರ ಇಳಿದರೆ ಆ ಮನೆ ಕೆಡುತ್ತಿರಬಹುದು. ಬ್ಯಾಟರಿ ಉಬ್ಬಿದ್ದರೆ ಮುಟ್ಟಬೇಡಿ.

ತಪ್ಪು ಮುಚ್ಚಳದಲ್ಲಿ ಸುರಿದುಬಿಟ್ಟಿರಾ?

ಇದು ಯಾರಿಗೂ ಆಗಬಹುದು, ಗಾಬರಿ ಬೇಡ. ಗಾಜಿನ ನೀರು ಕೂಲೆಂಟ್ ಡಬ್ಬಿಗೆ, ಕೂಲೆಂಟ್ ಆಯಿಲ್ ಬಾಯಿಗೆ, ಬಿಎಸ್ 6 ಡೀಸೆಲ್ ಗಾಡಿಯ ಹೊಗೆ ಶುದ್ಧ ಮಾಡುವ ಆಡ್‌ಬ್ಲೂ ದ್ರವ ಡೀಸೆಲ್ ಟ್ಯಾಂಕಿಗೆ, ಏನೇ ಆಗಿರಲಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಕೀ ಆನ್ ಕೂಡ ಮಾಡಬೇಡಿ, ಅಷ್ಟಕ್ಕೇ ಡೀಸೆಲ್ ಪಂಪ್ ಓಡಲು ಶುರುವಾಗಬಹುದು. ಬ್ರೇಕ್ ಡಬ್ಬಿಗೆ ಬೇರೇನಾದರೂ ಬಿದ್ದಿದ್ದರೆ ಪೆಡಲ್ ಕೂಡ ತುಳಿಯಬೇಡಿ. ಸ್ಟಾರ್ಟ್ ಆಗದ ಕಾರಿನಲ್ಲಿ ತಪ್ಪು ದ್ರವ ಸಾಮಾನ್ಯವಾಗಿ ಹಾಕಿದ ಜಾಗದಲ್ಲೇ ಇರುತ್ತದೆ, ತೆಗೆದು ತೊಳೆಯುವುದು ಸುಲಭ. ಓಡಿದ ಮೇಲೆ ಅದು ಎಲ್ಲೆಡೆ ಹರಡಿರುತ್ತದೆ. ಏನು ಹಾಕಿದಿರೋ ಆ ಬಾಟಲಿಯನ್ನು ಎಸೆಯದೆ ಇಟ್ಟುಕೊಂಡು ಟೋಯಿಂಗ್‌ಗೆ ಫೋನ್ ಮಾಡಿ. ಮೆಕ್ಯಾನಿಕ್ ಬಂದಾಗ ಆ ಬಾಟಲಿ ತೋರಿಸಿ, ಎಷ್ಟು ಹಾಕಿದಿರಿ ಅಂತ ಮುಚ್ಚಿಡದೆ ಹೇಳಿ.